ಎಡಗೈಯ ಅಕ್ಕಸಾಲಿಗರು

"ಮತ್ತೆ ಎಡಗೈ! ಗರಗಸ ಬಲಗೈಗೆ ತಗೋ," ಅಂದರು ಅತ್ತೆ.

ಚೂಟಿ ಬಲಗೈಗೆ ತಗೊಂಡಳು. ಎರಡು ಸಲ ಎಳೆಯುವಷ್ಟರಲ್ಲಿ ಟಣ್ ಅಂತ ಬ್ಲೇಡು ಮುರಿಯಿತು.

ಚೂಟಿಯ ಅತ್ತೆ, ಅಂದರೆ ಅಪ್ಪನ ಅಕ್ಕ, ಅಕ್ಕಸಾಲಿ. ಮನೆಯ ಮುಂದಿನ ಕೋಣೆಯೇ ಅವರ ಕೆಲಸದ ಜಾಗ. ಅಲ್ಲಿ ಕೂತು ಕೆಲಸ ಕಲಿಯಬೇಕು ಅನ್ನುವುದು ಚೂಟಿಯ ಆಸೆ. ಆಸೆ ಏನು ಬಂತು, ಹಟ! ತಾಮ್ರದ ತಗಡಿನ ಮೇಲೆ ಗೀಚಿದ ಗೆರೆಯನ್ನು ನೇರವಾಗಿ ಕತ್ತರಿಸಿ ತೋರಿಸಿದರೆ ಮಾತ್ರ ಕಲಿಸುತ್ತೇನೆ ಅಂತ ಅತ್ತೆ ಹೇಳಿದ್ದರು. ಅದೂ ಬಲಗೈಯಲ್ಲಿ. ಚೂಟಿಯೋ, ಪೆನ್ಸಿಲ್ ಹಿಡಿಯುವುದು, ಚೆಂಡು ಎಸೆಯುವುದು, ತಮ್ಮನಿಗೆ ಗುದ್ದುವುದು ಎಲ್ಲ ಎಡಗೈಯಲ್ಲೇ.

"ಎಡಗೈಯಲ್ಲಿ ಯಾಕಾಗಲ್ಲ ಅತ್ತೆ?"

"ಎಡಗೈಯಲ್ಲಿ ಕೆಲಸ ಮಾಡೋ ಅಕ್ಕಸಾಲೀನ ನಾನಂತೂ ಕಂಡಿಲ್ಲ ಕಣೇ. ಹೇಗೆ ಹೇಳಿಕೊಡಲಿ?"

ಚೂಟಿ ಮುಖ ಊದಿಸಿಕೊಂಡು ಗೋಡೆ ಕಡೆ ತಿರುಗಿದಳು. ಅಲ್ಲಿ ಅಚ್ಚು ಕೊರೆದು ಒತ್ತಿದ ಎರಡು ಹಳೆಯ ಪ್ರಿಂಟುಗಳು ತೂಗುತ್ತಿದ್ದವು. ಎರಡರಲ್ಲೂ ನೂರಾರು ವರ್ಷ ಹಿಂದಿನ ಅಕ್ಕಸಾಲಿಗರು. ಒಬ್ಬ ಬಟ್ಟಲು ಬಡಿಯುತ್ತಿದ್ದಾನೆ, ಒಬ್ಬ ಉಂಗುರ ಉಜ್ಜುತ್ತಿದ್ದಾನೆ, ಇನ್ನೊಬ್ಬ ಗರಗಸ ಹಿಡಿದಿದ್ದಾನೆ. ಚೂಟಿ ದಡಕ್ಕನೆ ಎದ್ದಳು.

"ಅತ್ತೆ, ನೋಡಿ! ಇವರೆಲ್ಲ ಲೆಫ್ಟ್ ಹ್ಯಾಂಡು!"

ಅತ್ತೆ ಕನ್ನಡಕ ಏರಿಸಿಕೊಂಡು ಹತ್ತಿರ ಬಂದರು. "ಅಯ್ಯೋ, ಹೌದಲ್ಲ! ದಿನಾ ಕಣ್ಣೆದುರಿಗೇ ಇದ್ರೂ ನಾನು ನೋಡೇ ಇಲ್ಲ." ಆಮೇಲೆ ನಕ್ಕರು. "ಅಂಥವರೇ ಹಾಗೆ ಮಾಡಿದಾರೆ ಅಂದಮೇಲೆ ಬೇಡ ಅನ್ನೋಕೆ ನಾನ್ಯಾರು? ನಾಳೆ ಎಡಗೈಯಲ್ಲೇ ಕತ್ತರಿಸು, ನೋಡೋಣ."

ಚೂಟಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಮಾರನೇ ದಿನ ಸ್ಕೂಲಿನಲ್ಲಿ ಡ್ರಾಯಿಂಗ್ ಮಿಸ್ ಎಲ್ಲರಿಗೂ ರಬ್ಬರ್ ಶೀಟು ಕೊಟ್ಟು ಚಿತ್ರ ಕೊರೆಸಿದರು. ಚೂಟಿ ಸುತ್ತಿಗೆ ಹಿಡಿದ ಅತ್ತೆಯನ್ನು ಕೊರೆದಳು. ಇಂಕು ಬಳಿದು, ಹಾಳೆ ಇಟ್ಟು ಒತ್ತಿ, ಮೆಲ್ಲಗೆ ಎತ್ತಿ ನೋಡಿದರೆ ಸುತ್ತಿಗೆ ಅತ್ತೆಯ ಎಡಗೈಗೆ ಬಂದಿದೆ!

"ಮಿಸ್, ನಾನು ರೈಟ್ ಹ್ಯಾಂಡಲ್ಲೇ ಹಾಕಿದ್ದೆ!"

"ಪ್ರಿಂಟ್ ಅಂದ್ರೆ ಹಾಗೇನೇ ಪುಟ್ಟಿ, ಎಲ್ಲಾ ಉಲ್ಟಾ ಬರುತ್ತೆ. ನೇರ ಬರಬೇಕಂದ್ರೆ ಮೊದಲೇ ಉಲ್ಟಾ ಕೊರೀಬೇಕು. ಹಿಂದಿನ ಕಾಲದವರೂ ಎಷ್ಟೋ ಜನ ಅದನ್ನ ಮಾಡ್ತಿರಲಿಲ್ಲ."

ಹಾಗಾದರೆ ಅತ್ತೆಯ ಗೋಡೆಯ ಮೇಲಿನವರು?

ದಾರಿಯುದ್ದಕ್ಕೂ ಅದೇ ಯೋಚನೆ. ಹೇಳದೇ ಇದ್ದರೆ ಅತ್ತೆಗೆ ಗೊತ್ತೇ ಆಗುವುದಿಲ್ಲ. ಹೇಳಿದರೆ ಮತ್ತೆ ಬಲಗೈ, ಮತ್ತೆ ಟಣ್. ಆದರೆ ಹೇಳದೆ ಆ ಚಿತ್ರಗಳ ಕೆಳಗೆ ಕೂರುವುದು ಹೇಗೆ? ದಿನಾ ತಲೆ ಎತ್ತಿ ಅವರ ಮುಖ ನೋಡಬೇಕಲ್ಲ! ಚೂಟಿಗೆ ಅಳು ಬಂತು. ಅಳಲಿಲ್ಲ. ಚಪ್ಪಲಿ ಬಿಟ್ಟವಳೇ ಕೈಗನ್ನಡಿ ತಂದು ಪ್ರಿಂಟಿನ ಎದುರು ಹಿಡಿದಳು.

"ಅತ್ತೆ, ಕನ್ನಡಿಯಲ್ಲಿ ನೋಡಿ. ಇವರೆಲ್ಲ ನಿಜವಾಗಿ ಬಲಗೈಯವರೇ. ಪ್ರಿಂಟಲ್ಲಿ ಉಲ್ಟಾ ಆಗಿದಾರೆ ಅಷ್ಟೆ."

ಕನ್ನಡಿಯಲ್ಲಿ ಸುತ್ತಿಗೆ ಬಲಗೈಗೆ ಹೋಯಿತು. ಗರಗಸವೂ ಹೋಯಿತು. ಬೆಳಕು ಬರುತ್ತಿದ್ದ ಕಿಟಕಿಯೂ ಅವರ ಬಲಗಡೆಯಿಂದ ಎಡಗಡೆಗೆ ಹಾರಿತು.

ಅತ್ತೆ ಕನ್ನಡಿ ತಗೊಂಡು ಇನ್ನೊಂದು ಪ್ರಿಂಟಿಗೂ ಹಿಡಿದು ನೋಡಿದರು. "ಹಾಗಾದ್ರೆ ಬಲಗೈಯಲ್ಲೇ ಕಲೀತೀಯಾ?"

"ಇಲ್ಲ. ಅವರು ಬಲಗೈಯವರೇ ಆಗಿರಲಿ. ನಾನು ಎಡಗೈಯವಳೇ. ಒಂದೇ ಒಂದು ಸಲ ಮಾಡ್ತೀನಿ ಅತ್ತೆ, ಆಮೇಲೆ ಹೇಳಿ."

ಅತ್ತೆ ತಗಡು ಕೊಟ್ಟರು. ಚೂಟಿ ಎಡಗೈಯಲ್ಲಿ ಗರಗಸ ಹಿಡಿದಳು. ಬ್ಲೇಡು ಮುರಿಯಲಿಲ್ಲ. ಆದರೆ ಅರ್ಧಕ್ಕೆ ಬರುವಷ್ಟರಲ್ಲಿ ಗೆರೆ ತಪ್ಪತೊಡಗಿತು.

"ಗೆರೆ ಕಾಣ್ತಿಲ್ಲ ಅತ್ತೆ. ಕತ್ತಲೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

ಚೂಟಿ ಕೈ ನಿಲ್ಲಿಸಿದಳು. ಗೆರೆಯ ಮೇಲೆ ಬಿದ್ದಿದ್ದು ಅವಳದೇ ಕೈಯ ನೆರಳು. ತಲೆ ಎತ್ತಿ ಗೋಡೆ ನೋಡಿದಳು. ಆಗ ಕನ್ನಡಿಯೊಳಗೆ ಕಂಡಿದ್ದ ಅಂಗಡಿ ಥೇಟ್ ಅತ್ತೆಯದರ ಹಾಗೆ, ಬೆಳಕು ಎಡಗಡೆಯಿಂದ. ಪ್ರಿಂಟಿನೊಳಗಿನ ಅಂಗಡಿಯಲ್ಲಿ ಬೆಳಕು ಬಲಗಡೆಯಿಂದ.

ಅವಳು ಎದ್ದು ಟೇಬಲ್ ಲ್ಯಾಂಪನ್ನು ಎಡಗಡೆಯಿಂದ ಎತ್ತಿ ಬಲಗಡೆಗೆ ಇಟ್ಟಳು. ಗೆರೆ ಫಳಕ್ಕನೆ ಕಂಡಿತು. ಹೊಸ ತಗಡು ತಗೊಂಡು, ತುಟಿ ಕಚ್ಚಿ, ಗೆರೆಯ ಕೊನೆ ಮುಟ್ಟುವವರೆಗೂ ಎಳೆದಳು.

ಅತ್ತೆ ಕತ್ತರಿಸಿದ ಅಂಚಿನ ಮೇಲೆ ಉಗುರು ಆಡಿಸಿದರು. ಎಲ್ಲೂ ತಡೆಯಲಿಲ್ಲ.

"ನೆಲ ನಿಜವಾಗ್ಲೂ ಡೊಂಕಾಗೇ ಇತ್ತು ಬಿಡು," ಅಂದರು. "ಕೆಳಗೆ ಬಿದ್ದ ಪುಡಿ ಗುಡಿಸಿ ಡಬ್ಬಿಗೆ ಹಾಕು. ಅಕ್ಕಸಾಲಿಯಾದವಳು ಒಂದು ಚೂರೂ ಬಿಡಬಾರದು."

ಚೂಟಿ ಗುಡಿಸಿದಳು. ಆಮೇಲೆ ಅತ್ತೆ ಲ್ಯಾಂಪನ್ನು ತಮ್ಮ ಕಡೆಗೆ ಇಟ್ಟುಕೊಂಡು ಒಂದು ಓಲೆಯ ಕೆಲಸ ಮುಗಿಸಿದರು. ಏಳುವ ಮುಂಚೆ ಅದನ್ನು ಮತ್ತೆ ಬಲಗಡೆಗೆ ಸರಿಸಿಟ್ಟು ಒಳಗೆ ಹೋದರು.

ಚೂಟಿ ಕೈಗನ್ನಡಿಯನ್ನು ಅದರ ಜಾಗದಲ್ಲಿಟ್ಟು ಬಂದು, ಇನ್ನೊಂದು ತಗಡು ತಗೊಂಡು ಕೂತಳು.