ಕೆಂಪು ಕಾರು, ಬಂಗಾರದ ಡಾಬು

"ಡಾಬು ಇಲ್ಲ! ನಮ್ಮ ಡಾಬು ಇಲ್ಲೋ ಯಪ್ಪಾ!"

ರುಕ್ಮವ್ವನ ಆ ಕೂಗಿಗೆ ಇಂಡಿ ಊರಿನ ಮದುವೆ ಹಂದರದ ಕಂಬಗಳು ನಡುಗಿದವು. ಅತ್ತ ಸಿಂದಗಿಯ ಕಾಗೆಗಳೂ ಎದ್ದು ಹಾರಿದವು. ಸುಳ್ಳಲ್ಲ, ಬೇಕಾದರೆ ಸಿಂದಗಿಯವರನ್ನು ಕೇಳಿ.

ರುಕ್ಮವ್ವ ವರನ ತಾಯಿ. ನಾಲತವಾಡದವಳು. ಖಾಲಿ ಡಬ್ಬಿ ಹಿಡಿದು ವರನ ಕಾರಿನ ಪಕ್ಕ ನಿಂತಿದ್ದಳು. ಅವರ ಮನೆತನದ ಬಂಗಾರದ ಡಾಬನ್ನು ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವ ಮೊದಲೇ ಸೊಸೆಯ ನಡುವಿಗೆ ಕಟ್ಟಬೇಕು. ಅದು ಅವರ ಪದ್ಧತಿ.

ಆ ಕಾರಿನ ಬಗ್ಗೆ ಹೇಳಲೇಬೇಕು. ೨೦೦೩ರ ಮಾತು. ಸೊಲ್ಲಾಪುರದಿಂದ ಬಾಡಿಗೆಗೆ ತರಿಸಿದ ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಸೀಟು. ಎಷ್ಟು ತಗ್ಗು ಎಂದರೆ ಕೋಳಿಗಳು ಅದರ ಮೇಲಿಂದ ದಾಟಿ ಹೋಗುತ್ತಿದ್ದವು. ಝಳಕಿಯ ಹಂಪ್ ದಾಟಿಸಲು ಅರ್ಧ ಊರೇ ಕೈಹಚ್ಚಿ ಎತ್ತಿತ್ತಂತೆ. ಮೆರವಣಿಗೆ ಮುಗಿದಾಗ ವರ ಸಿದ್ದಾರೂಢನನ್ನು ಹೊರಗೆಳೆಯಲು ಇಬ್ಬರು ಬೇಕಾದರು. ಬಾಸಿಂಗ ಮೂಗಿಗೆ ಬಂದಿತ್ತು.

ನಾನು ಚನ್ನಬಸಯ್ಯ, ಇಂಡಿಯ ವಾರಪತ್ರಿಕೆಯ ವರದಿಗಾರ. ನನ್ನ ಕಣ್ಣು ತಪ್ಪಿಸಿ ಈ ಸೀಮೆಯಲ್ಲಿ ಇರುವೆಯೂ ಸಕ್ಕರೆ ಕದ್ದಿಲ್ಲ.

*

ಮದುವೆಗೆ ಬಂದಿದ್ದ ಪಿಎಸ್‌ಐ ಸೋಮನಿಂಗ ಹೋಳಿಗೆ ಬಿಟ್ಟು ಎದ್ದು ಬಂದ. ನೇರವಾಗಿ ಕಾರಿನ ಡ್ರೈವರ್ ಬಾಬುಲಾಲನ ಕೈಗೆ ಬೇಡಿ ಹಾಕಿದ.

"ಸಾಹೇಬ್ರ, ನಾ ಊಟಕ್ಕ ಕುಂತಿದ್ದೆ ರೀ!"

"ಪೂರಾ ಹೊತ್ತು ಕುಂತಿದ್ದಿ ಏನು?"

"ನಡುವ ಒಮ್ಮೆ ನೀರಿಗೆ ಎದ್ದಿದ್ದೆ ರೀ..."

"ಸಾಕು." ಪಿಎಸ್‌ಐ ನನ್ನ ಕಡೆ ತಿರುಗಿದ. "ನೋಡ್ರಿ ಅಯ್ಯನವರ, ಡಬ್ಬಿ ಇದ್ದದ್ದು ಸೀಟಿನ ಹಿಂದಿನ ಸಂದ್ಯಾಗ. ಹೊರಗ ನಿಂತು ಕೈ ಚಾಚಿದ್ರ ಎಟಕೂದಿಲ್ಲ. ಒಳಗ ಕುಂತು, ಹೊಳ್ಳಿ ತಗೀಬೇಕು. ಮಂದಿ ಊಟಕ್ಕ ಹೋದ ಸ್ವಲ್ಪ ಹೊತ್ತಿನ್ಯಾಗ ಯಾರ ಕಣ್ಣಿಗೂ ಬೀಳದಂಗ ಒಳಗ ಹೋಗಿ ಹೊರಗ ಬರಾಕ ಇವನ್ನ ಬಿಟ್ಟು ಮತ್ಯಾರಿಗೆ ಬರತೈತಿ? ಮದುಮಗನ್ನ ಎಳದಿದ್ದು ನೋಡೀರಿಲ್ಲ?"

ಮಾತು ಖರೆ. ಬಾಬುಲಾಲ ಬೇಡಿ ಬಿದ್ದ ಕೈಗಳನ್ನೇ ಜೋಡಿಸಿ ಮುಗಿದ. "ಅಯ್ಯನವರ, ಡ್ರೈವರಗ ಕಳ್ಳ ಅನ್ನೂ ಹೆಸರು ಬಂತಂದ್ರ ಮುಗೀತು ರೀ. ಮತ್ತ ಯಾರೂ ಸ್ಟೇರಿಂಗ್ ಮುಟ್ಟಾಕ ಕೊಡೂದಿಲ್ಲ."

"ಅಕ್ಕಿಕಾಳು ಬೀಳೂದ್ರಾಗ ಡಾಬು ಸಿಗಲಿಲ್ಲಂದ್ರ ಇವ ಲಾಕಪ್ಪಿಗೆ," ಎಂದ ಪಿಎಸ್‌ಐ.

ವರನ ಸೋದರಮಾವ ಮಡಿವಾಳಪ್ಪ ದೂರದ ಕುರ್ಚಿಯಿಂದಲೇ ಗದರಿದ. ತಲೆಗೆ ಸುತ್ತಿದ ದೊಡ್ಡ ಪಟಗಾ, ಗಿರಿಜಾ ಮೀಸೆ. "ಅಪಶಕುನ ಆತು ತಂಗಿ! ಈ ಲಗ್ನ ಬ್ಯಾಡ. ಗಾಡಿ ಹೊಳ್ಳಸ್ರಿ ನಾಲತವಾಡಕ್ಕ!"

ಹಂದರದೊಳಗೆ ವಧು ಭಾಗ್ಯಜ್ಯೋತಿ ಬಿಕ್ಕಿದ್ದು ಕೇಳಿಸಿತು. ನನ್ನ ಮಿದುಳು ಸಕ್ಕರೆ ಕಾರ್ಖಾನೆಯ ಗಾಣದಂತೆ ತಿರುಗಿತು. ಒಳಗೆ ಹೋಗಿ ಬರಲು ಬಲ್ಲವನೇ ಕಳ್ಳ, ಸರಿ. ಆದರೆ ಬಲ್ಲವನು ಬಾಬುಲಾಲ ಒಬ್ಬನೇ ಎಂದು ಯಾರು ಹೇಳಿದರು?

*

ನಾನು ಕ್ಯಾಮೆರಾ ಎತ್ತಿ ಹಿಡಿದೆ.

"ಕೇಳ್ರೆಪೋ! ಈ ಕಾರಿನ್ಯಾಗ ಕುಂತವರ ಫೋಟೋ ಪೇಪರಿನ್ಯಾಗ ಬರತೈತಿ! ಮುಖಪುಟದಾಗ!"

ಕ್ಯಾಮೆರಾದಲ್ಲಿ ರೋಲೇ ಇರಲಿಲ್ಲ. ಆದರೇನು? ಸರದಿಯ ಸಾಲು ಬಸ್‌ಸ್ಟ್ಯಾಂಡ್ ಮುಟ್ಟಿತು.

ನನ್ನ ಅನುಮಾನ ಮೊದಲು ಪೈಲ್ವಾನ ಚಂದಪ್ಪನ ಮೇಲೆ. ಬೆಕ್ಕಿನಂಥ ಮೈ, ಮರ ಹತ್ತುವುದರಲ್ಲಿ ಕೋತಿಗೇ ಗುರು. ನಮ್ಮ ಕಡೆ ಗಾಡಿ ಎಂದರೆ ಹತ್ತುವುದು. ಟೆಂಪೋ ಇರಲಿ, ಟ್ರ್ಯಾಕ್ಟರ್ ಇರಲಿ, ಬಲಗಾಲು ಎತ್ತಿ ಮುಂದಿಟ್ಟು, ತಲೆ ಎತ್ತಿ ಹತ್ತುತ್ತೇವೆ. ಚಂದಪ್ಪ ಹಾಗೆಯೇ ಮಾಡಿದ. ಢಣ್! ಹಣೆ ಚಾವಣಿಗೆ ಬಡಿಯಿತು. ಒಂದು ಕಾಲು ಒಳಗೆ, ಒಂದು ಹೊರಗೆ, ಮೈ ನಡುವೆ ಸಿಕ್ಕಿಬಿತ್ತು.

"ಯಾರರೆ ಎಳೀರ್ಯೋ!"

"ಕುಸ್ತ್ಯಾಗ ಬೀಳದಾಂವ ಕಾರಿನ್ಯಾಗ ಬಿದ್ದ ನೋಡ್ರಿ!" ಎಂದು ಹೆಣ್ಣುಮಕ್ಕಳು ನಕ್ಕರು.

ಚಂದಪ್ಪ ನಿರಪರಾಧಿ. ಅವನ ಹಿಂದೆ ಬಂದವರೂ ಅಷ್ಟೇ. ಢಣ್, ಢಣ್! ಪಟಗಾಗಳು ಮಾವಿನಕಾಯಿಯಂತೆ ಉದುರಿದವು. ಒಬ್ಬರಂತೂ ತೆವಳಿಕೊಂಡು ಆಚೆ ಬಾಗಿಲಿನಿಂದ ಹೊರಬಂದರು.

ನಾನು ಮಡಿವಾಳಪ್ಪನ ಕುರ್ಚಿಯ ಕಡೆ ನೋಡಿದೆ. "ಗೌಡ್ರ, ನಿಮ್ಮ ಮೀಸಿ ಇಲ್ಲದ ಫೋಟೋ ಅದೂ ಒಂದು ಫೋಟೋ ಏನ್ರಿ?"

"ಬ್ಯಾಡೋ ಮಾರಾಯಾ. ಮೊಣಕಾಲು ಮಡಚೂದಿಲ್ಲ ನಂದು. ಆ ಕಾರಿನ ಸನೇಕ ಸೈತ ಹೋಗಿಲ್ಲ ನಾ."

"ಹೋಗ್ಲಿ ಬಿಡ್ರಿ. ಮುಖಪುಟಕ್ಕ ಬೀಗರ ಫೋಟೋನ ಹಾಕ್ತೇನಿ."

ಮಡಿವಾಳಪ್ಪ ಮೀಸೆ ತೀಡಿದ. ಎದ್ದ. ಬಂದ.

ಆಮೇಲೆ ನಡೆದದ್ದನ್ನು ಕಂಡು ಇಂಡಿಗೆ ಇಂಡಿಯೇ ಉಸಿರು ಬಿಗಿಹಿಡಿಯಿತು. ಆತ ಕಾರಿಗೆ ಬೆನ್ನು ಮಾಡಿ ನಿಂತ. ಒಂದು ಕೈ ಪಟಗಾದ ಮೇಲೆ. ಮೊದಲು ಕುಂಡಿ ಸೀಟಿಗೆ ಇಳಿಸಿದ. ತಲೆ ಬಗ್ಗಿಸಿದ. ಎರಡೂ ಕಾಲು ಜೋಡಿಸಿ ಸರ್ರನೆ ಒಳಗೆಳೆದುಕೊಂಡ. ಬೆಣ್ಣೆಯಲ್ಲಿ ಕೂದಲು ಜಾರಿದ ಹಾಗೆ! ಮೀಸೆ ತಿರುವಿ ಕ್ಯಾಮೆರಾ ನೋಡಿ ನಕ್ಕ. ಇಳಿಯುವಾಗಲೂ ಅಷ್ಟೇ. ಎರಡು ಕಾಲು ಒಟ್ಟಿಗೆ ಹೊರಗೆ, ಒಂದು ಕೈ ಹೊಸ್ತಿಲಿಗೆ ಊರಿ, ಟಣ್ಣನೆ ಎದ್ದು ನಿಂತ. ಇನ್ನೊಂದು ಕೈ ಪಟಗಾ ಬಿಡಲೇ ಇಲ್ಲ.

"ಸಾಹೇಬ್ರ," ಎಂದೆ. "ಬಾಬುಲಾಲನ ಬೇಡಿ ಬಿಚ್ರಿ. ಗೌಡ್ರ ಪಟಗಾನೂ ಬಿಚ್ರಿ."

*

"ಹುಚ್ಚ ಹಿಡಿದೈತೇನೋ ಅಯ್ಯಾ?" ಮಡಿವಾಳಪ್ಪ ಗುಡುಗಿದ.

"ಈ ಕಾರಿಗೆ ಮೊದಲ ಸಲ ಹತ್ತಿದವರೆಲ್ಲಾ ತಲಿ ಬಡಸಿಕೊಂಡ್ರು. ನಿಮಗ ಮೊಣಕಾಲು ಮಡಚೂದಿಲ್ಲ, ಕಾರಿನ ಸನೇಕ ಹೋಗಿಲ್ಲ ಅಂದ್ರಿ. ಮತ್ತ ಇಷ್ಟು ಚಂದ ಕುಂತು ಏಳೂದು ಎಲ್ಲಿ ಕಲತ್ರಿ?" ನಾನು ತಿರುಗಿದೆ. "ಬಾಬುಲಾಲ, ನಿನ್ನೆ ನಾಲತವಾಡದಾಗ ಕಾರು ಎಲ್ಲಿತ್ತು?"

"ಇವರ ಅಂಗಳದಾಗ ರೀ. ಮಧ್ಯಾಹ್ನ ನಾ ಉಂಡು ಮಲಗಿದ್ದೆ."

"ಆಗ ರೂಢಿ ಮಾಡ್ಯಾರ. ಇನ್ನ ಎಲ್ಲಾರೂ ತಲಿ ಮುಂದ ಹಾಕಿದ್ರ, ಇವರು ತಲಿ ಕಾಯ್ಕೊಂಡ್ರು. ಬಡದ್ರ ಒಳಗಿಂದ ಸಪ್ಪಳ ಬರತಿತ್ತು."

ಸೋಮನಿಂಗ ಕೈಹಾಕಿ ಪಟಗಾ ಎಳೆದ. ಬಟ್ಟೆ ಸುರುಳಿ ಸುರುಳಿಯಾಗಿ ಬಿಚ್ಚಿತು. ಕೊನೆಯ ಸುತ್ತಿನಿಂದ ಬಂಗಾರದ ಡಾಬು ಝಣ್ಣನೆ ನೆಲಕ್ಕೆ ಬಿತ್ತು. ಆ ಹೊಳಪಿಗೆ ಸೂರ್ಯ ಮೋಡದ ಹಿಂದೆ ಸರಿದ.

ಮಡಿವಾಳಪ್ಪನ ಮೀಸೆ ಜೋತುಬಿತ್ತು. "ಬಂಗಾರದ ಆಸೇಕ ಅಲ್ಲ ತಂಗಿ... ಸೋದರಮಾವನ ಮಗಳು ಮನ್ಯಾಗ ಇರೂವಾಗ ಹೊರಗಿನ ಹೆಣ್ಣು ತಂದಿ. ಡಾಬು ಇಲ್ಲಂದ್ರ ಲಗ್ನ ಮುರೀತಿತ್ತು."

ರುಕ್ಮವ್ವ ಡಾಬು ಎತ್ತಿಕೊಂಡಳು. ಅಣ್ಣನ ಮುಖ ನೋಡಲಿಲ್ಲ.

"ನಿನ್ನ ಮಗಳೇ ಒಲ್ಲೆ ಅಂದಾಳಣ್ಣ. ನೀ ಒಂದ್ ದಿನಾ ಕೇಳೀಯೇನು? ತಪ್ಪಿಲ್ಲದವನ ಕೈಗೆ ಬೇಡಿ ಹಾಕಿಸಿದಿ." ಆಕೆ ಪಿಎಸ್‌ಐ ಕಡೆ ತಿರುಗಿದಳು. "ಕರ್ಕೊಂಡು ಹೋಗ್ರಿ ಸಾಹೇಬ್ರ. ಸೋದರಮಾವ ನಿಲ್ಲೂ ಜಾಗಾದಾಗ ಇವತ್ತ ಯಾರೂ ನಿಲ್ಲೂದು ಬ್ಯಾಡ."

ಸೊಸೆಯ ನಡುವಿಗೆ ಡಾಬು ಬಿಗಿದು ಬಂದವಳು ಅಕ್ಕಿಕಾಳಿನ ಬುಟ್ಟಿಯನ್ನು ಮೊದಲು ಒಯ್ದದ್ದು ಡ್ರೈವರ್ ಹತ್ತಿರ.

"ತಗೋಪಾ ಬಾಬುಲಾಲ. ತಪ್ಪಾತು. ಮೊದಲ ನೀ ಹಾಕು."

ಬೇಡಿಯ ಕೆಂಪು ಗೆರೆ ಇನ್ನೂ ಮಾಸದ ಕೈಯಲ್ಲಿ ಅವನು ಹಿಡಿ ತುಂಬ ಅಕ್ಕಿಕಾಳು ತೆಗೆದುಕೊಂಡ. ಕಣ್ಣೊರೆಸಿಕೊಂಡು, ವಧುವರರ ಮೇಲೆ ಜೋರಾಗಿ ಎಸೆದ.