ವೀಬ್ಕೆಯ ಕಿವಿ

"ಸ್ವಲ್ಪ ದಾರಿ ಬಿಡ್ತೀರಾ?"

ಮೆಟ್ಟಿಲ ಮೇಲೆ ಕೂತಿದ್ದವನು ತಲೆಯೆತ್ತಿದ. ಬಾಯಲ್ಲಿ ನೆನೆಯಲು ಇಟ್ಟ ಕ್ಲಾರಿನೆಟ್ಟಿನ ರೀಡು ಪಟ್ಟಿ, ಕೈಯಲ್ಲಿ ನಾಲ್ಕನೇ ನಂಬರಿನ ಚೀಟಿ. ಮಾತಾಡಲಾಗದೆ ಕಣ್ಣಲ್ಲೇ ಕ್ಷಮೆ ಕೇಳಿ, ಕಾಲು ಮಡಚಿಕೊಂಡು ನಕ್ಕ.

ವೀಬ್ಕೆಯ ಎದೆ ಝಲ್ಲೆಂದಿತು!

ಅವನ ತೊಡೆಯ ಮೇಲಿದ್ದ ವಾದ್ಯವನ್ನೂ ಅವಳು ನೋಡಿದಳು. ಫ್ರೆಂಚ್ ಕ್ಲಾರಿನೆಟ್! ಜರ್ಮನಿಯ ಆರ್ಕೆಸ್ಟ್ರಾಗಳಲ್ಲಿ ನಡೆಯುವುದು ಜರ್ಮನ್ ಕ್ಲಾರಿನೆಟ್ಟೇ. ಬೆರಳಿಡುವ ಕ್ರಮವೇ ಬೇರೆ. ಪಾಪ, ಇವನನ್ನು ಯಾರು ತೆಗೆದುಕೊಳ್ಳುತ್ತಾರೆ ಅಂದುಕೊಂಡಳು.

ಅರ್ಧ ಗಂಟೆಯ ನಂತರ ಅವಳು ಆರ್ಕೆಸ್ಟ್ರಾಗೆ ಹೊಸ ಕ್ಲಾರಿನೆಟ್ ವಾದಕರನ್ನು ಆಯ್ಕೆ ಮಾಡುವವರ ಸಾಲಿನಲ್ಲಿ ಕೂತಿದ್ದಳು. ಅಭ್ಯರ್ಥಿಗಳೆಲ್ಲ ಪರದೆಯ ಹಿಂದೆ, ಹೆಸರಿಲ್ಲ, ಬರೀ ನಂಬರ್.

ನಾಲ್ಕನೇ ನಂಬರ್ ನುಡಿಸಿದಾಗ ವೀಬ್ಕೆಯ ಕಣ್ಣು ತುಂಬಿ ಬಂತು. ಅದರ ಹಿಂದೆಯೇ ಹೊಟ್ಟೆಯಲ್ಲಿ ಕಿಚ್ಚು! ಹನ್ನೊಂದು ವರ್ಷದಿಂದ ಇಲ್ಲಿ ಕ್ಲಾರಿನೆಟ್ ನುಡಿಸುತ್ತಿರುವವಳು ಅವಳು. ಇವನು ಬಂದು ಪಕ್ಕದಲ್ಲಿ ಕೂತರೆ ತನ್ನನ್ನು ಯಾರು ಕೇಳುತ್ತಾರೆ?

"ಇದು ಫ್ರೆಂಚ್ ವಾದ್ಯ," ಎಂದುಬಿಟ್ಟಳು. "ಸ್ವರ ತೆಳು. ನಮ್ಮ ಜೊತೆ ಬೆರೆಯಲ್ಲ. ನನಗೆ ಕೇಳಿಸ್ತಿದೆ."

ಮುಖ್ಯಸ್ಥ ಹಾರ್ಟ್‌ವಿಗ್ ವಿಚಾರಿಸಿ ನೋಡಿದರು. ನಿಜವೇ!

"ಪರದೆ ಆಚೆಯಿಂದಾನೇ ಹಿಡಿದ್ರಲ್ಲ! ಅಬ್ಬಾ, ಏನು ಕಿವಿ ರೀ ನಿಮ್ದು!"

ಎಲ್ಲರ ಮತವೂ ಅವಳ ಕಡೆ ವಾಲಿತು. ಆ ದಿನ ಯಾರೂ ಆಯ್ಕೆಯಾಗಲಿಲ್ಲ.

ಸಂಜೆ ಅವನೇ ಹುಡುಕಿಕೊಂಡು ಬಂದ. ಬೈಯುತ್ತಾನೆಂದು ಅವಳು ಹೆದರಿದ್ದಳು.

"ನಾನು ಯೋರಿಸ್, ಬೆಲ್ಜಿಯಂನವನು. ಹಾರ್ಟ್‌ವಿಗ್ ಎಲ್ಲಾ ಹೇಳಿದ್ರು. ನನಗೇ ಕೇಳಿಸದ ತಪ್ಪು ನಿಮಗೆ ಕೇಳಿಸ್ತಲ್ಲಾ... ಜರ್ಮನ್ ಕ್ಲಾರಿನೆಟ್ ಕಲಿಸಿಕೊಡ್ತೀರಾ?"

ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ ಮಹಾರಾಯ್ತಿ!

ಒಂಬತ್ತು ತಿಂಗಳು, ಪ್ರತಿ ಶನಿವಾರ ಪಾಠ. ಇಪ್ಪತ್ತು ವರ್ಷದ ಬೆರಳ ರೂಢಿಯನ್ನು ಅವನು ಮರೆಯಬೇಕಿತ್ತು. ಕಿರುಬೆರಳು ಊದಿಕೊಂಡರೂ ಬಿಡಲಿಲ್ಲ. ಪಾಠ ಮುಗಿದರೆ ಬಂದರಿನಲ್ಲಿ ಮೀನು ಇಟ್ಟ ಬನ್ನು, ಮುಗಿಯದ ಹರಟೆ. ಯಾವಾಗಲೋ 'ನೀವು' ಹೋಗಿ 'ನೀನು' ಆಯಿತು. ಅವನು ಕೈ ಹಿಡಿದಾಗಲೆಲ್ಲ ಆ ಊದಿದ ಬೆರಳು ತಾಗಿ ಅವಳು ಮುಖ ತಿರುಗಿಸುತ್ತಿದ್ದಳು.

'ಇದು ನಾನು ಮಾಡಿದ್ದು... ಹೇಗೆ ಹೇಳಲಿ?'

ಒಂದು ಮಧ್ಯಾಹ್ನ ಅವನು ಹೇಳಿದ, "ನಾಳೆ ಹಳೇ ಕ್ಲಾರಿನೆಟ್ ಮಾರ್ತಿದೀನಿ."

"ಅದು ನಿಮ್ಮಮ್ಮಂದಲ್ವಾ!"

"ಹೌದು. ಆದ್ರೆ ಸ್ವರ ತೆಳು ಅಂದೆಯಲ್ಲ. ಕೊನೇ ಸಲ ಪರೀಕ್ಷೆ ಮಾಡೋಣ. ಗೋಡೆ ಕಡೆ ತಿರುಗಿ ನಿಂತ್ಕೋ. ಎರಡರಲ್ಲೂ ನುಡಿಸ್ತೀನಿ. ಹಳೇದನ್ನ ನೀನು ಗುರುತು ಹಿಡಿದ್ರೆ ಮಾರಿಬಿಡ್ತೀನಿ."

ನುಡಿಸಿದ. ಎರಡೂ ಅವನದೇ ಸ್ವರ, ಅದೇ ತುಂಬು ದನಿ. ಕಣ್ಣುಮುಚ್ಚಿ ಒಂದನ್ನು ಹೇಳಿದ್ದರೂ ಅವಳು ಬಚಾವಾಗಬಹುದಿತ್ತು.

"ಗೊತ್ತಾಗ್ತಿಲ್ಲ, ಯೋರಿಸ್."

"ಏಯ್, ತಮಾಷೆ ಬೇಡ."

"ಯಾವತ್ತೂ ಗೊತ್ತಾಗಿಲ್ಲ!" ಅವಳು ಅಳುತ್ತ ತಿರುಗಿದಳು. "ಆವತ್ತು ಮೆಟ್ಟಿಲ ಮೇಲೆ ನಿನ್ನ ವಾದ್ಯ ನೋಡಿದ್ದೆ, ಚೀಟೀನೂ ನೋಡಿದ್ದೆ. ನನಗಿಂತ ಚೆನ್ನಾಗಿ ನುಡಿಸಿಬಿಟ್ಟೆ ನೀನು... ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಿದೆ!"

ಅವನು ಕೈಲಿದ್ದ ಕ್ಲಾರಿನೆಟ್ಟನ್ನು ಕೆಳಗಿಟ್ಟ. "ಒಂಬತ್ತು ತಿಂಗಳು, ವೀಬ್ಕೆ..."

ಅವಳು ಫೋನ್ ತೆಗೆದು ಅವನೆದುರಿಗೇ ಹಾರ್ಟ್‌ವಿಗ್‌ಗೆ ಕರೆ ಮಾಡಿದಳು.

"ಸರ್, ಆವತ್ತು ನನಗೆ ಏನೂ ಕೇಳಿಸಿರಲಿಲ್ಲ. ಮೊದಲೇ ನೋಡಿದ್ದೆ. ನಾಳೆ ಎಲ್ಲರ ಮುಂದೆ ಒಪ್ಕೋತೀನಿ. ಯೋರಿಸ್‌ನ ಮತ್ತೆ ಕರೀರಿ, ಅವನಿಗೆ ಇಷ್ಟವಾದ ವಾದ್ಯದಲ್ಲೇ ನುಡಿಸ್ಲಿ. ನಾನು ವೋಟು ಹಾಕಲ್ಲ."

ಆ ಕಡೆಯಿಂದ ಬಂದ ಬೈಗುಳವನ್ನೆಲ್ಲ ಕೇಳಿಸಿಕೊಂಡು ಫೋನ್ ಇಟ್ಟಳು.

"ನಿನ್ನ ಮರ್ಯಾದೆ ಹೋಗತ್ತೆ ಕಣೆ," ಎಂದ ಯೋರಿಸ್.

"ಹೋಗ್ಲಿ. ನೀನು ಹೋಗ್ಬೇಡ ಅಂತ ಕೇಳೋ ಮುಖ ನನಗಿಲ್ಲ... ಆದ್ರೂ ನಿನ್ನ ಪ್ರೀತಿಸ್ತೀನಿ. ಅದು ಸುಳ್ಳಲ್ಲ."

ಅವನು ಅಮ್ಮನ ಹಳೇ ಕ್ಲಾರಿನೆಟ್ಟನ್ನು ಎತ್ತಿ ಪೆಟ್ಟಿಗೆಯಲ್ಲಿಟ್ಟ. ಅವನ ಕಣ್ಣೂ ಒದ್ದೆಯಾಗಿತ್ತು.

"ಈ ಸಿಟ್ಟು ಬೇಗ ಇಳಿಯಲ್ಲ. ದಿನಾ ಬೈತೀನಿ. ಬರ್ತೀಯಾ?"

"ಬರ್ತೀನಿ. ಬೈಸ್ಕೊಂಡು ಹೋಗ್ತೀನಿ."

"ಹೋಗೋದ್ಯಾಕೆ?" ಎಂದ ಅವನು, ಮೆಲ್ಲಗೆ.