ಅಪರ್ಣೆಗೆ ರಿಯಾಯಿತಿಯಿಲ್ಲ

"ಅರ್ಧ ದರ! ಅರ್ಧ ದರ! ದಸರಾ ರಜೆಯ ಬ್ಯಾಲೆಗೆ ಅರ್ಧ ದರ!"

ಹುಣಸೂರಿನ ಬಸ್ ನಿಲ್ದಾಣದ ಎದುರು ಆ ಕೂಗು ಕಿವಿಗೆ ಬಿದ್ದೊಡನೆ ದಾಕ್ಷಾಯಿಣಿ ಕಲ್ಲಿನಲ್ಲಿ ಕಟೆದಂತೆ ನಿಂತಳು.

'ಅಪರ್ಣೆ'... ಅವಳೇ ಸಂಯೋಜಿಸಿ, ಅವಳೇ ಪಾರ್ವತಿಯಾಗಿ ನರ್ತಿಸಲಿದ್ದ ನೃತ್ಯರೂಪಕ! ಅದರ ಟಿಕೆಟ್ಟುಗಳನ್ನು ಮೇಜಿನ ಮೇಲೆ ಹರಡಿಕೊಂಡು ಒಬ್ಬಾತ ಕಡಲೆಕಾಯಿ ಮಾರುವವನಂತೆ ಕೂಗುತ್ತಿದ್ದಾನೆ!

"ಯಾರನ್ನ ಕೇಳಿ ಅರ್ಧ ಮಾಡಿದ್ರಿ?"

ಅವನು ಬೆಚ್ಚಿ ತಲೆಯೆತ್ತಿದ. ಟಿಕೆಟ್ಟುಗಳನ್ನು ಅಚ್ಚು ಹಾಕಿ, ಮಾರಿಕೊಡಲೂ ಒಪ್ಪಿದ್ದ ಮುದ್ರಣಾಲಯದ ಒಡೆಯ ಪ್ರಭುಸ್ವಾಮಿ. ಅದುವರೆಗೆ ಇಬ್ಬರೂ ಫೋನಿನಲ್ಲಷ್ಟೇ ಮಾತಾಡಿದ್ದರು.

"ಮೇಡಂ, ನೀವೇನಾ? ಒಂದು ತಪ್ಪಾಗ್ಬುಟ್ಟದೆ ಕಣ್ರೀ..." ಎಂದು ಟಿಕೆಟ್ಟೊಂದನ್ನು ಮುಂದೆ ಹಿಡಿದ.

'ಅಪರ್ಣೆ' ಎಂದಿರಬೇಕಾದಲ್ಲಿ 'ಅರ್ಪಣೆ'! ಅರ್ಕಾವೊತ್ತು ತನ್ನ ಸ್ಥಾನ ಬಿಟ್ಟು ಒಂದಕ್ಷರ ಹಿಂದೆ ಸರಿದು ಕುಳಿತಿತ್ತು. ಘೋರ ತಪಸ್ವಿನಿಯ ಹೆಸರು ಕಾಣಿಕೆಯ ಹೆಸರಾಗಿತ್ತು.

"ಮಾಲು ಕೆಟ್ಟಿದ್ದು ನನ್ನಿಂದ. ಪೂರಾ ಬೆಲೆ ಇಸ್ಕೊಳ್ಳೋಕೆ ಮನಸ್ಸು ಒಪ್ಪಲಿಲ್ಲ. ನಷ್ಟ ನಂದೇ, ಬುಡಿ."

"ತಪ್ಪಿರೋದು ನಿಮ್ಮ ಅಚ್ಚು. ನನ್ನ ಹೆಜ್ಜೆಯಲ್ಲ!"

ಅವನು ಕೈಯಲ್ಲಿದ್ದ ಟಿಕೆಟ್ಟನ್ನು ಮೇಜಿನ ಮೇಲಿಟ್ಟ.

ಅವಳು ಎದುರಿನ ಕುರ್ಚಿ ಎಳೆದು ಕುಳಿತಳು. "ಪೆನ್ನು ಕೊಡಿ. ಒಂದೊಂದನ್ನೂ ಕೈಯಲ್ಲೇ ತಿದ್ದೋಣ. ಕೂಗೋದು ನಿಲ್ಸಿ."

ಅಷ್ಟರಲ್ಲಿ ಗಾವಡಗೆರೆಯ ಸುನಂದಮ್ಮ ಚೀಲವನ್ನು ಬಗಲಿಗೇರಿಸಿಕೊಂಡು ಇಣುಕಿದಳು. ಹೊಗೆಸೊಪ್ಪಿನ ಕೊಠಡಿಯಲ್ಲಿ ಎಲೆ ವಿಂಗಡಿಸಿ ಬಂದವಳು. ಬೆರಳುಗಳಿಗೆ ಇನ್ನೂ ಅದರ ಕಂದು ಬಣ್ಣ.

"ಏನವ್ವಾ ಅದು, ಅಪರ್ಣೆ ಅಂದ್ರೆ?"

"ಶಿವನನ್ನ ಪಡೀಬೇಕು ಅಂತ ಪಾರ್ವತಿ ತಪಸ್ಸಿಗೆ ಕೂತಳಮ್ಮ. ಮೊದಲು ಅನ್ನ ಬಿಟ್ಟಳು. ಆಮೇಲೆ ಉದುರಿದ ಎಲೆ ತಿಂತಿದ್ದಳು, ಅದನ್ನೂ ಬಿಟ್ಟಳು. ಪರ್ಣ ಅಂದ್ರೆ ಎಲೆ. ಎಲೆಯನ್ನೂ ಬಿಟ್ಟವಳು ಅಪರ್ಣೆ."

"ಎಲೆ ಬುಟ್ಟವ್ಳಾ!" ಸುನಂದಮ್ಮ ಗಲ್ಲಕ್ಕೆ ಕೈಯಿಟ್ಟಳು. "ನಮ್ ಸೀಮೇಲಿ ಎಲೆ ಬುಟ್ಟು ಬದುಕಾಕಾಯ್ತದಾ? ಅಂಥೋಳ್ನ ನೋಡ್ಲೇಬೇಕು ಬುಡು!"

ಕೋಪದ ನಡುವೆಯೂ ದಾಕ್ಷಾಯಿಣಿಗೆ ನಗು ಉಕ್ಕಿತು. "ಸೊಪ್ಪು ವಿಂಗಡಿಸೋ ಹೆಂಗಸರಿಗೆಲ್ಲ ಅರ್ಧ ದರ" ಎಂದಳು. ಬಳಿಕ ಪ್ರಭುಸ್ವಾಮಿಯತ್ತ ತಿರುಗಿ, "ಇದು ನಾನು ಪ್ರೀತಿಗೆ ಕೊಡೋದು, ತಪ್ಪಿಗಲ್ಲ. ವ್ಯತ್ಯಾಸ ಗೊತ್ತಾಯ್ತಾ?"

"ಗೊತ್ತಾಯ್ತು ಮೇಡಂ," ಎಂದ ಅವನ ಕಣ್ಣುಗಳಲ್ಲಿ ಬೆರಗಿತ್ತು.

ಮರುದಿನವೂ ಅವಳು ಮುದ್ರಣಾಲಯಕ್ಕೆ ಬಂದಳು, ಅದರ ಮರುದಿನವೂ. ಅವನು ತಪ್ಪಿದ ಚಿಹ್ನೆಯನ್ನು ಅಳಿಸುವನು, ಅವಳು ಸರಿಯಾದ ಎಡೆಯಲ್ಲಿ ಬರೆಯುವಳು. ಶಾಯಿ ಮೆತ್ತಿದ ಬೆರಳುಗಳು ಒಮ್ಮೆ ಅರಿಯದೆ ತಾಗಿದಾಗ ಇಬ್ಬರೂ ಒಟ್ಟಿಗೇ ಕೈ ಹಿಂದೆಳೆದುಕೊಂಡರು.

'ಇಷ್ಟು ವರ್ಷ ತಪ್ಪದ ತಾಳ ಇವರ ಮುಂದೆ ಏಕೆ ತಪ್ಪುತ್ತಿದೆ?'

ಪ್ರದರ್ಶನದ ಹಿಂದಿನ ದಿನ ಅಭ್ಯಾಸದ ಕೋಣೆಗೆ ಹಿರಿಯ ಹೆಂಗಸೊಬ್ಬಳು ಬಂದಳು. ಪ್ರಭುಸ್ವಾಮಿಯ ತಾಯಿ ಮಂಗಳಮ್ಮ.

"ನೀನೇ ಏನವ್ವ ದಾಕ್ಷಾಯಿಣಿ? ನನ್ ಮಗ ಉಣ್ಣಾಕೆ ಕುಂತ್ರೂ ನಿನ್ ಸುದ್ದಿನೇಯ! ನಂಗೂ ಒಪ್ಗೆ ಅದೆ." ಮುದುಕಿ ದನಿ ತಗ್ಗಿಸಿದಳು. "ಆದ್ರೆ ಮದ್ವೆ ಆದ್ಮೇಲೆ ಈ ವೇದಿಕೆ ಮ್ಯಾಲಿನ ಕುಣ್ತ ಸಾಕು. ಗೌರಿ ಹಬ್ಬಕ್ಕೆ ಮನೆ ಒಳ್ಗೆ ಒಂದೀಟು ಕುಣಿ, ಯಾರ್ ಬ್ಯಾಡ ಅಂತಾರೆ? ಪ್ರಭೂನೂ ಒಪ್ಪವ್ನೆ."

"ಅವರೇ... ಒಪ್ಪಿದ್ರಾ?"

"ಕೇಳ್ದೆ. 'ಆಯ್ತು ಬುಡವ್ವ' ಅಂದ. ಇನ್ನೇನ್ ಬೇಕು?"

ದಾಕ್ಷಾಯಿಣಿಯ ಎದೆಯಲ್ಲಿ ಏನೋ ಮುರಿದು ಬಿದ್ದಂತಾಯಿತು. ಒಂದೀಟು! ಮನೆಯೊಳಗೆ! ಟಿಕೆಟ್ಟಿಗೆ ರಿಯಾಯಿತಿ ಕೂಗಿದವನು ಈಗ ತನ್ನ ಬದುಕಿಗೇ ರಿಯಾಯಿತಿ ಕೂಗಿದನೆ?

ಅವನನ್ನು ಅವಳು ಪ್ರೀತಿಸುತ್ತಿದ್ದಳು; ತನಗೆ ತಾನೇ ಸುಳ್ಳು ಹೇಳಿಕೊಳ್ಳುವುದು ಇನ್ನು ಸಾಧ್ಯವಿರಲಿಲ್ಲ. ಆದರೆ ಉಸಿರಿನಷ್ಟೇ ಸಹಜವಾದ ನೃತ್ಯವನ್ನು ತೆತ್ತು ಆ ಪ್ರೀತಿಯನ್ನು ಕೊಳ್ಳುವುದೆ?

'ಬಿಡಲೇಬೇಕಾದರೆ... ಅವರನ್ನೇ ಬಿಡುತ್ತೇನೆ.'

ಆ ಸಂಜೆ ಅವನ ಕರೆ ಮತ್ತೆ ಮತ್ತೆ ಬಂತು. ಅವಳು ಎತ್ತಲಿಲ್ಲ.

ಮರುದಿನ ಸಭಾಭವನ ತುಂಬಿ ತುಳುಕಿತು. ಮುಂದಿನ ಸಾಲುಗಳಲ್ಲಿ ಸೊಪ್ಪು ವಿಂಗಡಿಸುವ ಹೆಂಗಸರು. ವೇದಿಕೆಯ ಮೇಲೆ ಪಂಚಾಗ್ನಿಯ ನಡುವೆ ಅಪರ್ಣೆ. ಅವಳನ್ನು ಪರೀಕ್ಷಿಸಲೆಂದು ಶಿವನೇ ಜುಟ್ಟು ಕಟ್ಟಿದ ಬ್ರಹ್ಮಚಾರಿಯ ವೇಷದಲ್ಲಿ ಬಂದು ಶಿವನನ್ನು ಹಳಿದ: ಸುಡುಗಾಡಿನಲ್ಲಿ ಇರುವವನು, ಬೂದಿ ಬಳಿದುಕೊಳ್ಳುವವನು... ಬಿಟ್ಟುಬಿಡು ಈ ಹಟವನ್ನು!

ಅಭ್ಯಾಸದಲ್ಲಿ ಈ ಮಾತಿಗೆ ಅವಳು ಕಿವಿ ಮುಚ್ಚಿ ವಿಮುಖಳಾಗುತ್ತಿದ್ದಳು. ಇಂದು ಕಿವಿ ಮುಚ್ಚಲಿಲ್ಲ. ಬಾಗಿಲ ಬಳಿ ನಿಂತಿದ್ದ ಪ್ರಭುಸ್ವಾಮಿಯ ಮೇಲೆ ದೃಷ್ಟಿ ನೆಟ್ಟು, ಒಂದೊಂದೇ ಹೆಜ್ಜೆಯನ್ನು ನೆಲಕ್ಕೆ ಅಪ್ಪಳಿಸುತ್ತ ಮುಂದೆ ಬಂದಳು.

"ಬುಡ್ಬ್ಯಾಡ ಕಣವ್ವಾ!" ಮುಂದಿನ ಸಾಲಿನಿಂದ ಸುನಂದಮ್ಮ ಕೂಗಿದಳು. ಇಡೀ ಭವನ ಚಪ್ಪಾಳೆಯಾಯಿತು.

ತೆರೆ ಬಿದ್ದಮೇಲೆ ಪ್ರಭುಸ್ವಾಮಿ ಬಣ್ಣದ ಕೋಣೆಯ ಬಾಗಿಲಿಗೆ ಬಂದ.

"ಫೋನ್ ಯಾಕೆ ಎತ್ಲಿಲ್ಲ?"

"ನಿಮ್ಮ ತಾಯಿಗೆ ಏನಂದ್ರಿ? ನಾನು ನೃತ್ಯ ಬಿಡ್ತೀನಿ ಅಂತ ಒಪ್ಕೊಂಡ್ರಂತೆ!"

"ನಾನಾ? ಇಲ್ಲ ಕಣ್ರೀ! ಅವ್ವನ ಮಾತು ಜಗಳ ಆಗ್ಬಾರ್ದು ಅಂತ 'ಆಯ್ತು ಬುಡವ್ವ' ಅಂದೆ, ಅಷ್ಟೆ. ಅದು ಒಪ್ಗೆ ಅಲ್ಲ... ಮಾತು ಮುಗಿಸೋ ರೀತಿ."

"ನಿಮಗೆ ಮಾತು ಮುಗೀತು. ನನಗೆ ಬದುಕೇ ಮುಗೀತಿತ್ತು!" ಅವಳು ಅವನ ಮುಖದಿಂದ ನೋಟ ಕದಲಿಸಲಿಲ್ಲ. "ಹೂಂ ಅನ್ನಲಿಲ್ಲ, ಸರಿ. ಊಹೂಂ ಅಂತಾದ್ರೂ ಅಂದ್ರಾ?"

ಪ್ರಭುಸ್ವಾಮಿ ತಲೆ ತಗ್ಗಿಸಿದ. ಆಮೇಲೆ ತಟ್ಟನೆ ತಿರುಗಿ ಹೊರಗೆ ಹೋದ.

'ಹೋಗಿಯೇಬಿಟ್ಟರೇ?' ದಾಕ್ಷಾಯಿಣಿಯ ಕಣ್ಣು ಮಂಜಾಯಿತು.

ಆದರೆ ಅವನು ತಾಯಿಯ ಕೈ ಹಿಡಿದು ಮರಳಿ ಬಂದ.

"ಅವ್ವ, ಅವತ್ತು ನಾನು ಸರಿಯಾಗಿ ಹೇಳ್ಲಿಲ್ಲ. ಇವತ್ತು ಹೇಳ್ತೀನಿ. ಇವ್ರು ಕುಣೀತಾರೆ. ಮದ್ವೆಗೆ ಮುಂಚೆನೂ, ಆಮೇಲೂ, ಕರೆದ ಕಡೆಗೆಲ್ಲ ಹೋಗಿ ಕುಣೀತಾರೆ. ಅದು ನಿಂಗೆ ಒಪ್ಗೆ ಇಲ್ದಿದ್ರೆ ಇವ್ರನ್ನ ಕೇಳೋ ಯೋಗ್ಯತೆ ನಂಗಿಲ್ಲ."

ಮಂಗಳಮ್ಮ ಮಗನ ಭುಜಕ್ಕೆ ಒಂದೇಟು ಹಾಕಿದಳು. "ಈ ಬಾಯಿ ಅವತ್ತೇ ಬಂದಿದ್ರೆ ನಾನ್ಯಾಕ್ಲಾ ಅಷ್ಟು ದೂರ ನಡ್ಕಂಡು ಓಗಿ ಕೆಟ್ಟೋಳಾಗ್ತಿದ್ದೆ?" ಬಳಿಕ ದಾಕ್ಷಾಯಿಣಿಯ ಗಲ್ಲ ಹಿಡಿದು, "ಆ ಜುಟ್ಟಿನವ್ನು ನಿಂಗೆ ಬುಡು ಅಂತಿದ್ದಾಗ, ಓಗಿ ಅವ್ನ ಜುಟ್ಟೇ ಇಡ್ಕಳವಾ ಅನ್ನಿಸ್ತು ಕಣವ್ವ. ಆಮ್ಯಾಕೆ ನೆಪ್ಪಾಯ್ತು... ನೆನ್ನೆ ನಾನೂ ಅದ್ನೇ ಅಂದಿದ್ನಲ್ಲಾ ಅಂತ. ಕುಣಿ ಮಗಾ. ನಾನು ಮುಂದ್ಗಡೆನೇ ಕುಂತ್ಕತೀನಿ." ಸೆರಗಿನಿಂದ ಕಣ್ಣೊರಸಿಕೊಳ್ಳುತ್ತ ಅವಳು ಹೊರನಡೆದಳು.

ಕೋಣೆಯಲ್ಲಿ ಇಬ್ಬರೇ ಉಳಿದರು.

"ಮೇಡಂ... ಈಗ ನಿಮ್ಮ ಉತ್ತರ?"

"ಮೊದಲು ಆ ಮೇಡಂ ಅನ್ನೋದು ನಿಲ್ಲಿಸಿ."

"ಮತ್ತೆ ಏನಂತ ಕರೀಲಿ?"

"ಮನೇಲಿ ದಾಕ್ಷಿ ಅಂತಾರೆ."

ಆ ಎರಡಕ್ಷರವನ್ನು ನುಡಿಯುವ ಮುನ್ನ ಅವನು ಉಸಿರೆಳೆದುಕೊಂಡ. ಮಂತ್ರೋಪದೇಶ ಪಡೆದವನಂತೆ ಮೆಲ್ಲನೆ ಉಚ್ಚರಿಸಿದ.

"ದಾಕ್ಷಿ... ನನ್ನ ಜೊತೆ ಬತ್ತೀಯಾ?"

ಅವಳ ಮುಖದ ಬಣ್ಣದ ಮೇಲೆ ಒಂದು ಹನಿ ಜಾರಿತು.

"ಬತ್ತೀನಿ ಕಣೋ," ಎಂದಳು, ಅವನ ಮನೆಯ ಮಾತಿನಲ್ಲಿಯೇ.